ಬಿಳಿ ಕಾಲುಚೀಲದ ಕುಣಿತ

ಮನೆಯಲ್ಲಿ ಚಿಗಟ ಆಗಿದೆ ಎಂದು ಹೊರಗೆ ಹೇಳಿಕೊಳ್ಳುವ ಹಾಗಿಲ್ಲ. ಸಕ್ಕರೆ ಕಾಯಿಲೆ ಎಂದರೆ ಜನ ಹತ್ತಿರ ಸರಿದು ಕೂತು ವಿಚಾರಿಸುತ್ತಾರೆ. ಚಿಗಟ ಎಂದರೆ ಕೂತವರೂ ಎದ್ದು ಪಂಚೆ ಕೊಡವುತ್ತಾರೆ. ಕೊಡವುತ್ತಲೇ ಒಂದು ಸಲಹೆಯನ್ನೂ ಉದುರಿಸುತ್ತಾರೆ. 'ಕರ್ಪೂರ ಪುಡಿಮಾಡಿ ಚೆಲ್ಲಿ', 'ಮೂಲೆಮೂಲೆಗೆ ನುಸಿಗುಳಿಗೆ ಇಡಿ', 'ನೀಲಗಿರಿ ಎಣ್ಣೆ ಸವರಿ'. ನನ್ನ ಸೋದರಮಾವನಂತೂ ಗಮ್ಯಾಕ್ಸಿನ್ ಪುಡಿಯ ಗುಣಗಾನಕ್ಕೇ ಕೂತರು. 'ಮಾವ, ಅದು 1997ರಲ್ಲೇ ನಿಷೇಧ ಆಯ್ತಲ್ಲ' ಎಂದರೆ, 'ಅದಕ್ಕೇ ನೋಡು ದೇಶ ಹೀಗಾಗಿದೆ' ಎಂದರು. ಇವರಲ್ಲಿ ಒಬ್ಬರಿಗೂ ನಮ್ಮ ಬೆಕ್ಕು ಪದ್ಮಿ ಲೆಕ್ಕಕ್ಕೇ ಇಲ್ಲ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ; ನೆಲಕ್ಕೆ ಚೆಲ್ಲಿದ್ದು ಪಾದಕ್ಕೆ, ಪಾದದ್ದು ನಾಲಿಗೆಗೆ, ನಾಲಿಗೆಯದು ಹೊಟ್ಟೆಗೆ. ಕರ್ಪೂರವೂ ನುಸಿಗುಳಿಗೆಯೂ ಅದಕ್ಕೆ ವಿಷ.

ಕೊನೆಗೆ ಪದ್ಮಿಯನ್ನು ಬುಟ್ಟಿಯಲ್ಲಿಟ್ಟು, ನಾಯಿ ಭೀಮನನ್ನು ಎಳೆದುಕೊಂಡು ಪಶುವೈದ್ಯೆಯ ಹತ್ತಿರ ಹೋದೆ. ಆಕೆ ಎರಡನ್ನೂ ತೂಗಿ, ಒಂದೊಂದಕ್ಕೆ ಒಂದೊಂದು ಹನಿಮದ್ದನ್ನು ಕುತ್ತಿಗೆಯ ಹಿಂದೆ, ನಾಲಿಗೆಗೆ ಎಟುಕದ ಕಡೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. 'ನಿಮ್ಮ ಕಣ್ಣಿಗೆ ಬೀಳ್ತಿರೋದು ನೂರಕ್ಕೆ 5 ಅಷ್ಟೇ. ಮಿಕ್ಕ 95 ಮೊಟ್ಟೆ, ಮರಿಹುಳು, ಕೋಶ ಆಗಿ ಜಮಖಾನದಲ್ಲಿ, ಸೋಫಾ ಸಂದಿಯಲ್ಲಿವೆ. ಹಾಸಿಗೆ ಹೊದಿಕೆ ಬಿಸಿನೀರಲ್ಲಿ ಒಗೀರಿ, ದಿನಾ ವ್ಯಾಕ್ಯೂಮ್ ಹೊಡೀರಿ. ಕೋಶದೊಳಗಿರೋದಕ್ಕೆ ಔಷಧಿ ನಾಟಲ್ಲ, ಅದು ತಿಂಗಳುಗಟ್ಟಲೆ ಕಾಯುತ್ತೆ. ನೆಲ ಅದುರಿದರೆ, ಉಸಿರು ತಾಗಿದರೆ, ಊಟ ಬಂತು ಅಂತ ಹೊರಗೆ ಬರುತ್ತೆ. ಅದಕ್ಕೆ ಮೊದಲು ಚೆನ್ನಾಗಿ ಓಡಾಡಿ, ಆಮೇಲೆ ವ್ಯಾಕ್ಯೂಮ್.'

ನಾನು ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚೇ ಮಾಡುವವನು. ರಾತ್ರಿ ಊಟವಾದ ಮೇಲೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿದೆ. ಹಾರಿ ಕೂತ ಚಿಗಟ ಎದ್ದು ಕಾಣಲೆಂದು ಮಗನ ಸ್ಕೂಲಿನ ಬಿಳಿ ಕಾಲುಚೀಲ ಎಳೆದುಕೊಂಡೆ. ಅವು ಅರ್ಧ ದಾರಿಗೇ ನಿಂತುಬಿಟ್ಟವು. ಕೈಯಲ್ಲಿ ಟಾರ್ಚು, ಬಗಲಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಎಡಗಾಲು: ಧಿಮ್. ಬಲಗಾಲು: ಧಿಮ್. ಸೋಫಾ ಮುಂದೆ ಮಂಡಿಯೂರಿ, ಜಮಖಾನಕ್ಕೆ ಮುಖವಿಟ್ಟು, ಒಳಗಿದ್ದ ಉಸಿರನ್ನೆಲ್ಲ 'ಹಾ' ಎಂದು ಬಿಟ್ಟೆ. ಬಿಟ್ಟು ಕಾದೆ. ಕಾಲುಚೀಲದ ಮೇಲೊಂದು ಕರಿ ಚುಕ್ಕೆ! ಪಕ್ಕದಲ್ಲೇ ಮತ್ತೊಂದು! ಹುರುಪೇರಿತು. ಬಯಲಾಟದ ರಕ್ಕಸ ರಂಗಕ್ಕೆ ಬರುವ ಹಾಗೆ ಗಿರಕಿ ಹೊಡೆದು, ನೆಲಕ್ಕೆ ಒದ್ದು, ಮತ್ತೆ ಬಗ್ಗಿ 'ಹಾ' ಎಂದೆ. ಪದ್ಮಿ ಫ್ರಿಜ್ಜಿನ ಮೇಲೇರಿದಳು. ಭೀಮ ಮಂಚದ ಕೆಳಗೆ ಹೋದ. ಹೆಂಡತಿ ಕೋಣೆಯ ಚಿಲಕ ಹಾಕಿಕೊಂಡಳು. ಇನ್ನೊಂದು ಗಿರಕಿ ಮುಗಿಸಿ ನೆಟ್ಟಗಾದರೆ, ಬಾಗಿಲಲ್ಲಿ ಕೆಳಗಿನ ಮನೆಯ ಓನರು.

'ಏನ್ರೀ ಇದು?'

'ಚಿಗಟಗಳನ್ನ ಕರೀತಿದೀನಿ ಸಾರ್.'

'ಬಂದ್ವಾ?'

ಕಾಲು ಮುಂದೆ ಚಾಚಿ ತೋರಿಸಿದೆ. ಅವರು ಎರಡು ಮೆಟ್ಟಿಲು ಕೆಳಗಿಳಿದು ನಿಂತರು.

'ಇಂಥ ದರಿದ್ರ ಈ ಮನೆಗೆ ಎಂದೂ ಬಂದಿರಲಿಲ್ಲ' ಎಂದರು. ಅಲ್ಲಿಗೆ ಸುಮ್ಮನಾಗಬೇಕೋ ಬೇಡವೋ? ಬಸವನಗುಡಿಯಲ್ಲಿ ಜನ ತುಂಬಿದ್ದೇ ಚಿಗಟದ ಕೃಪೆಯಿಂದ ಎಂದು ಶುರುಮಾಡಿದೆ. 1898ರಲ್ಲಿ ಪೇಟೆಗೆ ಪ್ಲೇಗ್ ಬಂದು, ಜನ ಇಲ್ಲಿಗೂ ಮಲ್ಲೇಶ್ವರಕ್ಕೂ ಓಡಿಬಂದರು. ಇಲಿಯಿಂದ ಮನುಷ್ಯರಿಗೆ ಅದನ್ನು ಹೊತ್ತು ತರುವುದು ಚಿಗಟ ಎಂದು ಪಾಲ್ ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ; ಬಹಳ ಕಾಲ ಯಾರೂ ಅವನನ್ನು ನಂಬಲಿಲ್ಲ. 'ನಿಮ್ಮ ತಾತನವರೂ ಚಿಕ್ಕಪೇಟೆಯಿಂದಲೇ...'

'ನಮ್ಮ ತಾತನ ಸುದ್ದಿಗೆ ಬರಬೇಡಿ.'

ಸ್ವಲ್ಪ ತಣ್ಣಗಾದ ಮೇಲೆ ಅವರೂ ಸಲಹೆಗೆ ಇಳಿದರು. 'ಇಷ್ಟೆಲ್ಲ ಯಾಕ್ರೀ? ನಾಯಿ ಔಷಧೀನೇ ಬೆಕ್ಕಿಗೆ ಅರ್ಧ ಹಾಕಿದರಾಯ್ತು.'

ನನಗೆ ಸಿಟ್ಟು ಬಂತು. ಹಿಂದಿನ ಬೀದಿಯ ಮನೆಯೊಂದರಲ್ಲಿ ಹಾಗೇ ಮಾಡಿದ್ದರು. ನಾಯಿಗೆ ಬಿಡುವ ಎಷ್ಟೋ ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ; ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಅರ್ಧ, ಕಾಲು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸಂಜೆಗೆ ಆ ಬೆಕ್ಕು ನಡುಗತೊಡಗಿತು, ಸೆಟೆದುಕೊಂಡಿತು, ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಆ ಮದ್ದು ಹಾಕಿದ ನಾಯಿಗೆ ಒರಗಿ ಮಲಗಿದರೂ ಬೆಕ್ಕಿಗೆ ಅಪಾಯವೇ. ಅದಕ್ಕೇ ವೈದ್ಯೆ ಭೀಮನಿಗೂ ಅದಿಲ್ಲದ ಮದ್ದನ್ನೇ ಆರಿಸಿದ್ದರು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಕಾಲಲ್ಲಿ ಮಗನ ಕಾಲುಚೀಲ ಇದ್ದದ್ದು ನನಗೆ ಮರೆತಿತ್ತು, ಅವರಿಗೂ ಮರೆತಂತಿತ್ತು.

'ಪಾಪ' ಎಂದರು. ಇಳಿದು ಹೋಗುವ ಮುಂಚೆ ಕರಾರು ಹಾಕಿದರು: ಕುಣಿತ ಸಂಜೆ 7ರಿಂದ 7.30ರವರೆಗೆ ಮಾತ್ರ, ಶನಿವಾರ ಅವರಲ್ಲಿ ಭಜನೆ, ಅವತ್ತು ರಜೆ. ಈ ವೇಳಾಪಟ್ಟಿಯನ್ನು ಚಿಗಟಗಳಿಗೆ ತಿಳಿಸುವ ಹೊಣೆ ನನ್ನದಂತೆ.