ಪ್ರವಾಹಪಂಡಿತ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೋಬಳಿಗೊಬ್ಬನಂತೆ ಈ ತರುಣನು ದೊರೆಯುತ್ತಾನೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿ.ಟಿ.ಟಿ.ಸಿ.) ಕಲಬುರಗಿ ಶಾಖೆಯಲ್ಲಿ ಡಿಪ್ಲೊಮಾ ಪಡೆದು, ಬೆಂಗಳೂರಿನ ಪೀಣ್ಯದಲ್ಲಿ ಉದ್ಯೋಗಸ್ಥನಾಗಿ, ಹಬ್ಬಕ್ಕೆ ಊರಿಗೆ ಬರುವ ಇವನಿಗೆ ಪ್ರವಾಹಪಂಡಿತನೆಂಬ ಬಿರುದನ್ನು ನಾನೇ ದಯಪಾಲಿಸಿದ್ದೇನೆ.

ಅವನ ವಿದ್ಯೆಯೇನೋ ಅಲ್ಪವಾದುದಲ್ಲ. ಬಕೆಟ್ಟಿನ ಅಚ್ಚನ್ನು ಉಕ್ಕಿನಲ್ಲಿ ಕೊರೆಯುವ ಮುನ್ನವೇ, ಕರಗಿದ ಪ್ಲಾಸ್ಟಿಕ್ಕು ಗೇಟೆಂಬ ಕಿಂಡಿಯಿಂದ ಹೊಕ್ಕು ಎಲ್ಲಿ ತಡವರಿಸೀತು, ಎಲ್ಲಿ ಗಾಳಿಯನ್ನು ಮೂಲೆಗೊತ್ತಿ ಸುಟ್ಟ ಕಲೆಯುಳಿಸೀತು, ತಣಿಯುವಾಗ ಯಾವ ಕಡೆ ಸೊಟ್ಟಗಾದೀತು ಎಂಬುದನ್ನೆಲ್ಲ ಗಣಕಯಂತ್ರದ ತೆರೆಯ ಮೇಲೆ ಬಣ್ಣಬಣ್ಣವಾಗಿ ನುಡಿಯುವ ಜ್ಯೋತಿಷ್ಯವದು. 1978ರಲ್ಲಿ ಮೆಲ್ಬರ್ನಿನ ಕಾಲಿನ್ ಆಸ್ಟಿನ್ ಎಂಬಾತನು ಮೋಲ್ಡ್‌ಫ್ಲೋ ಎಂಬ ಹೆಸರಿನಿಂದ ಅದನ್ನು ಪೇಟೆಗೆ ತಂದನು.

ವಿದ್ಯೆ ತಲೆಗೇರಿತೆಂದರೆ ಜಗತ್ತೆಲ್ಲ ಅಚ್ಚಾಗಿಯೇ ಕಾಣುತ್ತದೆ. ಜೇವರ್ಗಿಯ ಬಸ್ಸಿನ ಬಾಗಿಲಲ್ಲಿ ಜನ ನುಗ್ಗುವುದನ್ನು ಕಂಡು, ಗೇಟು ಸಾಲದೆಂದು ಅವನು ನಿಟ್ಟುಸಿರಿಡುತ್ತಾನೆ. ದೇವಲ ಗಾಣಗಾಪುರದಲ್ಲಿ ಅಮರ್ಜೆಯು ಭೀಮೆಯನ್ನು ಕೂಡುವ ಪುಣ್ಯಸ್ಥಳದಲ್ಲಿ ನಿಂತು, “ಎರಡು ಪ್ರವಾಹ ಕೂಡಿದಲ್ಲೇ ವೆಲ್ಡ್ ಲೈನ್ ಬೀಳೂದು, ಅಲ್ಲೇ ಬಿರುಕು ಬಿಡೂದು” ಎಂದು ಅಜ್ಜಿಗೆ ಬೋಧಿಸಿದಾಗ, ಆಕೆ, “ಮೊದಲ ಮುಳುಗೇಳು ತಮ್ಮಾ, ಆಮ್ಯಾಲ ಗೀಟು ಹುಡುಕು” ಎಂದಳು.

ಪೀಣ್ಯದಲ್ಲಿ ಮಾತ್ರ ಅವನಿಗೆ ಎದುರಾಡುವವರಿಲ್ಲ. ತಂತ್ರಾಂಶಕ್ಕೆ ಅವನುಣಿಸುವುದು ಹೊಸ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಜಾತಕ. ಯಂತ್ರದ ಬಾಯಾದ ಹಾಪರಿನಲ್ಲಿ ಬೀಳುವುದೋ ಮರುಅರೆದ ಹಳೆಯ ಮಾಲು. 100 ಮಿಲಿಮೀಟರಿಗೆ 1ರಿಂದ 2.5 ಮಿಲಿಮೀಟರಿನವರೆಗೆ ಕುಗ್ಗುವ ಈ ವಸ್ತುವಿನ ವಿಷಯದಲ್ಲಿ ಜಾತಕ ತಪ್ಪಿದರೆ ಮುಚ್ಚಳವು ಡಬ್ಬಿಯೊಡನೆ ಜನ್ಮದಲ್ಲಿ ಕೂಡದು. ಆದರೂ ಕೆಂಪು ನೀಲಿ ಚಿತ್ರಗಳ ದಪ್ಪ ವರದಿಯನ್ನು ತಿರುವಿಹಾಕಿ, ಮಾಲೀಕನು ತಲೆದೂಗಿ ಸಹಿ ಹಾಕುತ್ತಾನೆ; ಬಣ್ಣಗಳಿಗೆ ಇರುವಷ್ಟು ಪ್ರಾಮಾಣ್ಯವು, ನಾನು ಬಲ್ಲಂತೆ, ವೇದಕ್ಕೂ ಇಲ್ಲ.

ವೃದ್ಧ ಮೇಸ್ತ್ರಿಯೊಬ್ಬನು ಮಾತ್ರ ವರದಿಯನ್ನು ಮುಟ್ಟುವುದಿಲ್ಲ. ಅಚ್ಚು ಯಂತ್ರವೇರಿದ ದಿನ, ಬೇಕೆಂದೇ ಅರ್ಧ, ಮುಕ್ಕಾಲು ತುಂಬಿಸಿ ನಿಲ್ಲಿಸಿದ ಅಪೂರ್ಣ ಬಕೆಟ್ಟುಗಳನ್ನು ತಂದು ತೆರೆಯ ಪಕ್ಕದಲ್ಲಿ ಸಾಲಾಗಿಡುತ್ತಾನೆ. ಹಿಡಿಕೆಯ ಬುಡದಲ್ಲಿ ಚಿತ್ರ ತೋರಿಸಿದ ಎಡೆಯಲ್ಲೇ ಗೀಟು! ಪಂಡಿತನ ಮುಖ ಪ್ರಫುಲ್ಲವಾಗುತ್ತದೆ.

“ಗೇಟು ಸರಿಸಿದ್ದರ ಇದು ಬೀಳ್ತಿತ್ತೇನು?” ಎಂದು ಮೇಸ್ತ್ರಿ.

“ಛೇ, ಎಲ್ಲಿ ಬೀಳ್ತಿತ್ತು!”

“ಮತ್ತ ಉಕ್ಕು ಕೊರೆಯೂ ಮೊದಲ ಹೇಳಬಾರದಿತ್ತಾ?”

“ಹೇಳೀನಲ್ರೀ,” ಎಂದನು ಪಂಡಿತ ಗಾಂಭೀರ್ಯದಿಂದ, “ವರದಿಯ ಅರವತ್ತೆರಡನೇ ಪುಟದಾಗ.”