ಫಿಫ್ಟಿ-ಫಿಫ್ಟಿ ಗಿರಾಕಿ

ಕಟೀಲು ಯಕ್ಷಗಾನ ಮೇಳದ ಹರಕೆಯಾಟಕ್ಕೆ ಇವತ್ತು ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು. ಅದೊಂದು ಖಚಿತ. ಲೋಕದಲ್ಲಿ ಉಳಿದದ್ದೆಲ್ಲ ಫಿಫ್ಟಿ-ಫಿಫ್ಟಿ. ಇದು ನಮ್ಮ ಮೆಲ್ಕಾರಿನ ಒಬ್ಬ ಬಿಕಾಂ ಹುಡುಗನ ಸಿದ್ಧಾಂತ.

ಜಂಕ್ಷನ್ನಿನಲ್ಲಿ ಅವನ ಪಕ್ಕ ನಿಂತು "ಬಸ್ಸು ಉಂಟಾ ಮಾರಾಯ?" ಎಂದು ಕೇಳಿ ನೋಡಿ. "ಬಂದ್ರೆ ಉಂಟು, ಬಾರದಿದ್ರೆ ಇಲ್ಲ. ಫಿಫ್ಟಿ-ಫಿಫ್ಟಿ" ಅನ್ನುತ್ತಾನೆ. ಮಳೆ ಬರ್ತದಾ? ಬರಬಹುದು, ಬಾರದೆಯೂ ಇರಬಹುದು. ಇರುವುದು ಎರಡೇ ದಾರಿ, ಅದರಲ್ಲಿ ಒಂದು, ಅಂದರೆ ಅರ್ಧ. ಜುಲೈ ತಿಂಗಳಲ್ಲಿ ಕೊಡೆಯ ಕಡ್ಡಿಯಿಂದ ನೀರು ಇಳಿಯುತ್ತಿರುವಾಗಲೂ ಅವನ ಉತ್ತರ ಬದಲಾಗುವುದಿಲ್ಲ.

ಅವನಿಗೊಂದು ಹೆಸರಿದೆ, ಹಾಜರಿ ಪುಸ್ತಕದಲ್ಲಿ. ಉಳಿದ ಕಡೆಯೆಲ್ಲ ಅವನು ಫಿಫ್ಟಿ. ಇಂಥವನು ಮೆಲ್ಕಾರಿಗೆ ಮಾತ್ರ ಮೀಸಲು ಎಂದು ಬೆಳ್ತಂಗಡಿಯವರು ನಗುವುದು ಬೇಡ, ಅಲ್ಲಿಯೂ ಇದ್ದಾನೆ. ಮೂಡುಬಿದಿರೆಯಲ್ಲಂತೂ ಬೆಂಚಿಗೊಬ್ಬ ಸಿಕ್ಕಾನು. ಅಲ್ಲಿ ಕಾಲೇಜುಗಳೂ ಹೆಚ್ಚು, ಬೆಂಚುಗಳೂ ಹೆಚ್ಚು.

ಫಿಫ್ಟಿ ಕಾಮರ್ಸಿಗೆ ಬಂದದ್ದು ವ್ಯಾಪಾರದ ಮೇಲಿನ ಪ್ರೀತಿಯಿಂದ ಅಲ್ಲ, ಗಣಿತದ ಮೇಲಿನ ಭಯದಿಂದ. ಎಸ್ಸೆಸ್ಸೆಲ್ಸಿಯಲ್ಲಿ ವರ್ಗಸಮೀಕರಣ ಅವನನ್ನು ಅಟ್ಟಿಸಿಕೊಂಡು ಬಂದು ಹೈಸ್ಕೂಲಿನ ಗೇಟಿನವರೆಗೆ ಬಿಟ್ಟಿತ್ತು. ಪಿಯುಸಿಗೆ ಅರ್ಜಿ ತುಂಬುವಾಗ ನೋಡಿದರೆ ಕಾಮರ್ಸಿನಲ್ಲೂ ಅಪಾಯ: ಒಂದು ಕಾಂಬಿನೇಷನ್ನಿನಲ್ಲಿ ಬೇಸಿಕ್ ಮ್ಯಾಥ್ಸ್, ಇನ್ನೊಂದರಲ್ಲಿ ಸ್ಟಾಟಿಸ್ಟಿಕ್ಸ್. ಇವನು ಹುಡುಕಿ ಹುಡುಕಿ ಎಚ್‌ಇಬಿಎ ಹಿಡಿದ, ಅಂದರೆ ಹಿಸ್ಟರಿ, ಇಕನಾಮಿಕ್ಸ್, ಬಿಸಿನೆಸ್, ಅಕೌಂಟ್ಸ್. ಎರಡು ವರ್ಷ ಹೊಯ್ಸಳರ ಜೊತೆ ಸುಖವಾಗಿದ್ದ. ಹೊಯ್ಸಳರಲ್ಲಿ ಯಾರೂ ಅವನಲ್ಲಿ ಎಕ್ಸ್‌ನ ಬೆಲೆ ಕೇಳಲಿಲ್ಲ. ಬಿಕಾಂಗೆ ಸೇರಿ ಟೈಮ್‌ಟೇಬಲ್ ನೋಡುತ್ತಾನೆ, ಬಿಸಿನೆಸ್ ಮ್ಯಾಥಮ್ಯಾಟಿಕ್ಸ್! ಮುಂದೆ ಬೀಜಗಣಿತ, ಅದರ ಬೆನ್ನಿಗೆ ಸಂಭವನೀಯತೆ. "ಹಿತ್ತಲಿಂದ ಓಡಿಸಿದ ನಾಯಿ ಚಾವಡಿಯಲ್ಲಿ ಬಂದು ಮಲಗಿದ ಹಾಗಾಯ್ತು" ಎಂದ. 2021ರಲ್ಲಿ ರಾಜ್ಯದ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿ ಬಂತು, 2024ರಲ್ಲಿ ಹೋಯಿತು. ನೀತಿ ಯಾವುದಿದ್ದರೂ ಪ್ರಶ್ನೆಪತ್ರಿಕೆಯಲ್ಲಿ ದಾಳ ಉರುಳುವುದೇನೂ ನಿಲ್ಲಲಿಲ್ಲ ಎಂಬುದು ಅವನ ದೂರು.

ಬೀಜಗಣಿತದ ಬಗ್ಗೆ ಅವನ ತಕರಾರು ಬೇರೆ ಜಾತಿಯದು.

"ಎಕ್ಸ್ ಗೊತ್ತಿಲ್ಲ ಅಂತ ನೀವೇ ಹೇಳ್ತೀರಿ ಮೇಡಂ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಿಡುವುದಲ್ವಾ? ಅದನ್ನು ಹಿಡ್ಕೊಂಡು ಇಷ್ಟು ಉದ್ದ ಯಾಕೆ ಹೋಗುವುದು?"

ಗಣಿತದ ಮೇಡಂ ತಾಳ್ಮೆಯವರು. ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ಈ ಹುಡುಗ ಪ್ರತಿ ವಾರ ಮನೆಯಲ್ಲಿ ಎಕ್ಸ್ ಕಂಡುಹಿಡಿಯುತ್ತಾನೆ. ಅವನ ಅಮ್ಮ ಬೀಡಿ ಕಟ್ಟುತ್ತಾರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ ಮತ್ತು ಹೊಗೆಸೊಪ್ಪು ತೂಗಿ ಕೊಡುತ್ತಾರೆ, ಇಷ್ಟು ಎಲೆಗೆ ಇಷ್ಟು ಬೀಡಿ ಎಂಬ ಲೆಕ್ಕ ಅವರದ್ದೇ. ಎಲೆ ಒಣಗಿದ್ದರೆ, ತೂತು ಬಿದ್ದಿದ್ದರೆ ಕತ್ತರಿಸುವಾಗಲೇ ಅಷ್ಟು ಹೋಯಿತು, ಬೀಡಿ ಕಡಿಮೆ ಬೀಳುತ್ತದೆ. ಕಡಿಮೆ ಬಿದ್ದದ್ದನ್ನು ಹೊರಗಿನಿಂದ ಕೈಯಿಂದಲೇ ದುಡ್ಡು ಕೊಟ್ಟು ತಂದ ಎಲೆಯಲ್ಲಿ ತುಂಬಿಸಬೇಕು. "ಎಷ್ಟು ತರ್ಬೇಕು ಮಗಾ?" ಎಂದು ಅಮ್ಮ ಬೀಡಿ ಎಲೆಯ ತಡ್ಪೆಯಿಂದ ತಲೆ ಎತ್ತದೆ ಕೇಳುತ್ತಾರೆ. ಫಿಫ್ಟಿ ಮೊಬೈಲಿನಿಂದ ತಲೆ ಎತ್ತದೆ ಹೇಳುತ್ತಾನೆ. ಒಂದು ಗ್ರಾಮೂ ಆಚೀಚೆ ಆಗುವುದಿಲ್ಲ. ಇದೇ ಬಗೆಯ ಲೆಕ್ಕವೊಂದನ್ನು ಮೇಡಂ ಒಮ್ಮೆ ಎಲೆಗೆ ಎಕ್ಸ್ ಹಾಕಿ ಬೋರ್ಡಿನಲ್ಲಿ ಬರೆದಾಗ ಫಿಫ್ಟಿ ಕಣ್ಣು ಕಿರಿದು ಮಾಡಿ ನೋಡಿ, "ಇದು ಸಿಲೆಬಸ್ಸಿನಲ್ಲಿ ಉಂಟಾ?" ಎಂದು ಕೇಳಿದ.

ಅಮ್ಮನ ಸಂಭವನೀಯತೆ ಮಗನದ್ದಕ್ಕಿಂತ ಮುಂದಿನ ತರಗತಿಯದು. ಬ್ರಾಂಚಿನಲ್ಲಿ ಚೆಕ್ಕರ್ ಇಡೀ ರಾಶಿ ನೋಡುವುದಿಲ್ಲ, ನಾಲ್ಕು ಕಟ್ಟು ಎತ್ತಿ ನೋಡುತ್ತಾನೆ. ಅದರಲ್ಲಿ ಬಾಯಿ ಸರಿ ಮಡಚದ ಬೀಡಿ ಸಿಕ್ಕರೆ ರಾಶಿಗೇ ಕತ್ತರಿ. ಹಾಗಾಗಿ ಚಂದದ ಕಟ್ಟುಗಳನ್ನು ಮೇಲೆ ಇಡುವ ಪದ್ಧತಿ ಬಂತು. ಚೆಕ್ಕರ್ ಅದನ್ನು ತಿಳಿದು ಅಡಿಯಿಂದ ಎತ್ತತೊಡಗಿದ. ಹೆಂಗಸರು ಅಡಿಯಲ್ಲೂ ಚಂದದ್ದನ್ನೇ ಇಟ್ಟರು. ಮಾದರಿ ತೆಗೆಯುವುದು ಹೇಗೆ ಎಂಬ ಅಧ್ಯಾಯವನ್ನು ಈ ಎರಡು ಪಕ್ಷಗಳು ಪುಸ್ತಕವಿಲ್ಲದೆ ಮುಗಿಸಿವೆ. "ನಡುವಿನದಕ್ಕೆ ಕೈ ಹಾಕಿದ್ರೆ ಎಂತ ಮಾಡುವುದಮ್ಮ?" ಎಂದು ಮಗ ಕೇಳಿದರೆ, "ಅವನಿಗೆ ಊಟಕ್ಕೆ ಹೊತ್ತಾದಾಗ ಹೋಗ್ಬೇಕು" ಎಂಬ ಉತ್ತರ ಬಂತು.

ಫಿಫ್ಟಿಯ ಸಿದ್ಧಾಂತಕ್ಕೆ ನಿಜವಾದ ಸತ್ವಪರೀಕ್ಷೆ ಬರುವುದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ದಕ್ಷಿಣ ಕನ್ನಡದ ವಿದ್ಯಾರ್ಥಿಗಳ ಇಷ್ಟದೈವ ಜಿಲ್ಲಾಧಿಕಾರಿ. ಹವಾಮಾನ ಇಲಾಖೆ ಆರೆಂಜ್ ಅಲರ್ಟ್ ಅಂದರೆ ಹುಡುಗರ ಮುಖದಲ್ಲಿ ಕಳೆ, ರೆಡ್ ಅಲರ್ಟ್ ಅಂದರೆ ಹೋಂವರ್ಕ್ ಬಂದ್. ರಾತ್ರಿ ವಾಟ್ಸ್ಯಾಪಿನಲ್ಲಿ ರಜೆಯ ಆದೇಶ ಹರಿದಾಡುತ್ತದೆ. ಸೀಲು ಉಂಟು, ಸಹಿ ಉಂಟು, ತಾರೀಕಿನ ಜಾಗ ಮಾತ್ರ ಸ್ವಲ್ಪ ಬಿಳಿಚಿಕೊಂಡಿರುತ್ತದೆ. ಕಳೆದ ವರ್ಷದ್ದನ್ನು ಯಾವನೋ ಪುಣ್ಯಾತ್ಮ ತಿದ್ದಿ ಬಿಟ್ಟಿರುತ್ತಾನೆ. ನಿಜವಾದ ಆದೇಶ ಬಂದರೂ ಕುಣಿಯುವ ಮೊದಲು ಕೊನೆಯ ಸಾಲಿನವರೆಗೆ ಓದಬೇಕು: ಅಂಗನವಾಡಿ, ಪ್ರಾಥಮಿಕ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು. ಎಷ್ಟೋ ಸಲ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ಪದವಿ ಕಾಲೇಜಿನವರು ಈಜಿಕೊಂಡು ಬರಬಲ್ಲರು ಎಂದು ಸರ್ಕಾರದ ನಂಬಿಕೆ ಇರಬೇಕು.

ಒಂದು ದಿನ ಮೇಡಂ ಇದನ್ನೇ ಪಾಠಕ್ಕೆ ತಂದರು. "ನಾಳೆಯ ರಜೆಯ ಬಗ್ಗೆ ಸಾಧ್ಯವಿರುವ ಫಲಿತಾಂಶ ಎಲ್ಲ ಹೇಳಿ."

"ಎರಡು" ಅಂದ ಫಿಫ್ಟಿ. "ರಜೆ ಉಂಟು, ರಜೆ ಇಲ್ಲ."

ಪಕ್ಕದವನು ಬೆರಳು ಮಡಚತೊಡಗಿದ. ಯಾರಿಗೂ ಇಲ್ಲ. ಎಲ್ಲರಿಗೂ ಉಂಟು. ಪಿಯುವರೆಗೆ ಮಾತ್ರ. ಘಟ್ಟದ ಬುಡದಲ್ಲಿ ಜೋರು ಮಳೆ, ಬೆಳ್ತಂಗಡಿ ತಾಲೂಕಿಗೆ ಉಂಟು, ಬಂಟ್ವಾಳಕ್ಕೆ ಇಲ್ಲ. ನಾವು ಚಂಡಿಯಾಗಿ ಕ್ಲಾಸಿಗೆ ಬಂದು ಕೂತ ಮೇಲೆ ರಜೆ. ಇವೆಲ್ಲ ಸಮಸಂಭಾವ್ಯವೂ ಅಲ್ಲ, ಅಂದರೆ ಒಂದೊಂದಕ್ಕೂ ಒಂದೇ ತೂಕ ಇಲ್ಲ, ಎಂದು ಮೇಡಂ ಸೇರಿಸಿದರು. ಹೆಸರು ಎರಡಿದ್ದ ಮಾತ್ರಕ್ಕೆ ಪಾಲು ಅರ್ಧರ್ಧ ಆಗುವುದಿಲ್ಲ. ಇಡೀ ಅಧ್ಯಾಯದಲ್ಲಿ ತಿಳಿಯಬೇಕಾದದ್ದು ಇದೊಂದೇ.

ಫಿಫ್ಟಿ ಎದ್ದು ನಿಂತ. "ಹಾಗಲ್ಲ ಮೇಡಂ. ತಂಗಿಗೆ ರಜೆ, ನನಗಿಲ್ಲ. ಅದು ಗ್ಯಾರಂಟಿ." ತನ್ನ ಸಿದ್ಧಾಂತ ಬಿಟ್ಟು ಅವನು ಮಾತಾಡಿದ್ದನ್ನು ಕ್ಲಾಸು ಅಂದೇ ಮೊದಲು ಕೇಳಿದ್ದು.

ಅವನನ್ನು ನೋಡಿ ನಗುವವರಿಗೆ ಒಂದು ಮಾತು. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ, ಅಲ್ಲಿನ ಹೆಸರಾಂತ ವಿಶ್ವಕೋಶದಲ್ಲೇ, ಇದೇ ಬಗೆಯ ಲೆಕ್ಕ ಬರೆದು ಇಟ್ಟಿದ್ದಾನೆ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಹೆಡ್ ಬೀಳುವ ಸಂಭವ ಎಷ್ಟು? ಮೊದಲೇ ಹೆಡ್ ಬಿದ್ದರೆ ಆಟ ಮುಗಿಯಿತು, ಇಲ್ಲವೇ ಟೇಲ್ ಆಮೇಲೆ ಹೆಡ್, ಇಲ್ಲವೇ ಎರಡೂ ಟೇಲ್. ಮೂರರಲ್ಲಿ ಎರಡು ನಮ್ಮ ಕಡೆ, ಹಾಗಾಗಿ ಮೂರನೇ ಎರಡು ಎಂದ. ಸರಿಯುತ್ತರ ನಾಲ್ಕನೇ ಮೂರು. ಆ ಮೂರು ದಾರಿಗಳ ತೂಕ ಒಂದೇ ಅಲ್ಲ ಎಂಬುದನ್ನು ಅವನು ಗಮನಿಸಲಿಲ್ಲ. ಮೇಡಂ ಈ ಕಥೆ ಹೇಳಿದಾಗ ಫಿಫ್ಟಿ ಎದೆಯುಬ್ಬಿಸಿ ಹಿಂದಿನ ಬೆಂಚಿನತ್ತ ತಿರುಗಿದ. "ಅವನಿಗೆ ಇಂಟರ್ನಲ್ಸ್ ಇರ್ಲಿಲ್ಲ, ಅದೇ ವ್ಯತ್ಯಾಸ" ಎಂದ.

ಸಂಯೋಜನೆಯ ಸೂತ್ರ ಬಂದ ದಿನ ಇನ್ನೊಂದು ನಡೆಯಿತು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಈ ಸೂತ್ರವನ್ನು ಸುಮಾರು 850ರಲ್ಲೇ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಕೊಟ್ಟಿದ್ದಾನೆ, ರಾಷ್ಟ್ರಕೂಟ ಅಮೋಘವರ್ಷನ ಕಾಲ, ನಮ್ಮ ಕಡೆಯವನೇ ಎಂದು ಮೇಡಂ ಅಭಿಮಾನದಿಂದ ಹೇಳಿದರು. ಹಿಸ್ಟರಿ ಓದಿ ಬಂದ ಫಿಫ್ಟಿಗೆ ಅಮೋಘವರ್ಷ ಹಳೇ ಪರಿಚಯ. ಅವನ ಆಸ್ಥಾನದಲ್ಲಿ ಇಂಥವರೂ ಇದ್ದರು ಎಂದು ಪಿಯುಸಿಯಲ್ಲಿ ತನಗೆ ಯಾರೂ ಎಚ್ಚರಿಕೆ ಕೊಡಲಿಲ್ಲ ಎಂದು ಬೇಸರಪಟ್ಟ. ಆಮೇಲೆ ಕೇಳಿದ, "ನಮ್ಮವರೇ ಮಾಡಿದ್ದಾದ್ರೆ ಲೋಕಲ್‌ನವರಿಗೆ ಕನ್ಸೆಷನ್ ಏನೂ ಇಲ್ವಾ ಮೇಡಂ?"

ಸಿದ್ಧಾಂತಕ್ಕೆ ಆಧಾರ ಬೇಕೆಂದು ಯಾರಾದರೂ ಪಟ್ಟುಹಿಡಿದರೆ ಅವನು ಅವರನ್ನು ಕಲ್ಲಡ್ಕಕ್ಕೆ ಕರೆದೊಯ್ಯುತ್ತಾನೆ. ಅಲ್ಲಿನ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಗೊತ್ತಲ್ಲ, ಗ್ಲಾಸಿನಲ್ಲಿ ಅಡಿಗೆ ಹಾಲು, ಮೇಲೆ ಚಹಾದ ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ಗೆರೆ ಎಳೆದು ಕೂತಿರುತ್ತವೆ. "ನೋಡಿ, ಫಿಫ್ಟಿ-ಫಿಫ್ಟಿ" ಎಂದು ಗ್ಲಾಸು ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಸರಿಯಾಗಿ ನೋಡಿದರೆ ಮೇಲಿನ ಕಪ್ಪು ಪದರ ಅರ್ಧಕ್ಕಿಂತ ಎಷ್ಟೋ ತೆಳು. ಹೇಳಿದರೆ ಕೇಳಬೇಕಲ್ಲ, ಅಷ್ಟರಲ್ಲಿ ಚಮಚ ಹಾಕಿ ಕಲಕಿ ಸಾಕ್ಷ್ಯ ನಾಶ ಮಾಡಿರುತ್ತಾನೆ. ಬಿಲ್ಲು ಕೊಡುವಾಗ ಮಾತ್ರ ಫಿಫ್ಟಿ-ಫಿಫ್ಟಿ ಇಲ್ಲ, ಪೂರ್ತಿ ನಮ್ಮದೇ.

ಕೇರಳದ ಹೊಸಂಗಡಿಯಲ್ಲಿ ಲಾಟರಿ ಟಿಕೆಟ್ ತೆಗೆಯುವ ಅವನ ಮಾವ ಇದಕ್ಕೆ ಇನ್ನಷ್ಟು ಎಣ್ಣೆ ಹೊಯ್ದರು. ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ಗಡಿಯಾಚೆ ಕೇರಳದಲ್ಲಿ ಅದು 1967ರಿಂದ ಸರ್ಕಾರದ್ದೇ ಇಲಾಖೆ. ಆ ಇಲಾಖೆ ಕೆಲವು ವರ್ಷ ವಾರಕ್ಕೊಮ್ಮೆ ಎತ್ತುತ್ತಿದ್ದ ಒಂದು ಲಾಟರಿಯ ಹೆಸರೇ 'ಫಿಫ್ಟಿ-ಫಿಫ್ಟಿ'! ಒಂದು ಸರ್ಕಾರವೇ ತನ್ನ ಸಿದ್ಧಾಂತವನ್ನು ಅಚ್ಚು ಹಾಕಿ ಮಾರುತ್ತಿದೆ ಎಂದು ತಿಳಿದ ದಿನ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟಿಕೆಟಿನ ನಂಬರಿನಲ್ಲಿ ಆರು ಅಂಕಿ, ಅಷ್ಟಕ್ಕೇ ಹತ್ತು ಲಕ್ಷದಲ್ಲಿ ಒಂದು ಪಾಲು, ಮುಂದಿನ ಅಕ್ಷರಗಳು ಸೇರಿದರೆ ಅದಕ್ಕಿಂತಲೂ ಎಷ್ಟೋ ಕಡಿಮೆ ಎಂದು ಪಕ್ಕದವನು ಲೆಕ್ಕ ಮಾಡಿ ತೋರಿಸಿದ. "ಹತ್ತು ಲಕ್ಷ ಇರ್ಲಿ. ಮಾವನಿಗೆ ಬರುವುದು, ಬಾರದಿರುವುದು, ಎರಡೇ" ಅಂದ ಫಿಫ್ಟಿ.

ಹಾಗಾದರೆ ನೀನೂ ಒಂದು ಟಿಕೆಟ್ ತೆಗೆಯಬಹುದಲ್ಲ ಮಾರಾಯ ಎಂದು ಕೇಳಿದೆ. ಕೇರಳದ ಮಣ್ಣು ಮೆಟ್ಟಿದಾಗೆಲ್ಲ ತೆಗೆಯುವ ಅವಕಾಶ ಇತ್ತು. ಅವನು ನಕ್ಕ. "ದುಡ್ಡು ಹಾಳು" ಎಂದ.

ಅವನ ಗುಟ್ಟು ಇಲ್ಲಿದೆ ನೋಡಿ. ಬೆಳಿಗ್ಗೆ ಬಿ.ಸಿ.ರೋಡಿಗೆ ಹೋಗಲು ಮೆಲ್ಕಾರಿನಲ್ಲಿ ನಿಂತಾಗ ಪುತ್ತೂರಿನಿಂದ ಬರುವ ಬಸ್ಸು ಕಲ್ಲಡ್ಕದಲ್ಲೇ ತುಂಬಿರುತ್ತದೆ. ಎಲ್ಲರೂ ಅದಕ್ಕೆ ಕೈ ಅಡ್ಡ ಹಿಡಿದು ಓಡುತ್ತಾರೆ. ಫಿಫ್ಟಿ "ನಿಲ್ತದೆ ಅಂದ್ರೆ ನಿಲ್ತದೆ" ಎಂದು ಗೊಣಗುತ್ತಾನೆಯೇ ಹೊರತು ಒಂದು ಹೆಜ್ಜೆ ಕದಲುವುದಿಲ್ಲ. ಅದರ ಹಿಂದೆ ವಿಟ್ಲದ ಬಸ್ಸು ಬರುತ್ತದೆ, ಅದು ಎಲ್ಲಿ ನಿಧಾನ ಮಾಡುತ್ತದೋ ಅಲ್ಲಿಗೆ ಸರಿಯಾಗಿ, ಹಿಂದಿನ ಬಾಗಿಲು ಬಂದು ನಿಲ್ಲುವ ಜಾಗದಲ್ಲಿ ಅವನು ನಿಂತಿರುತ್ತಾನೆ. ಸೋಮವಾರ ಮಾತ್ರ ಅಲ್ಲಿರುವುದಿಲ್ಲ, ಸೋಮವಾರ ಅದೂ ತುಂಬಿರುತ್ತದೆ. ಅಂದು ಮುಡಿಪು ರಸ್ತೆಯ ಬಾಯಿಗೆ ಹೋಗಿ ಸಜಿಪ ಕಡೆಯಿಂದ ಬರುವ ಬಸ್ಸು ಹಿಡಿಯುತ್ತಾನೆ. ಕೊಡೆ ಜೂನ್ ಒಂದರಿಂದ ಬ್ಯಾಗಿನಲ್ಲೇ. ಅವನ ಬಾಯಿ ಅರ್ಧ ಅನ್ನುತ್ತಿರುತ್ತದೆ, ಕಾಲು ಮಾತ್ರ ವರ್ಷವಿಡೀ ಎಣಿಸಿದ್ದನ್ನು ಮರೆತಿರುವುದಿಲ್ಲ. ಬಾಯಿಯ ಲೆಕ್ಕ ಯಾಕೆ ಹಾಗೆಂದರೆ, ಅದಕ್ಕೆ ಉಪಯೋಗ ಉಂಟು. ಫಿಫ್ಟಿ-ಫಿಫ್ಟಿ ಎಂದವನನ್ನು ಯಾರೂ ಸುಳ್ಳುಗಾರ ಎನ್ನುವಂತಿಲ್ಲ. ಬಂದರೂ ಅವನು ಹೇಳಿದ ಹಾಗೆಯೇ ಆಯಿತು, ಬಾರದಿದ್ದರೂ ಅವನು ಹೇಳಿದ ಹಾಗೆಯೇ. ಪ್ರಶ್ನೆ ಕೇಳುವ ದೊಡ್ಡವರ ನಡುವೆ ಬೆಳೆದ ಹುಡುಗರು ಇದನ್ನು ಬೇಗ ಕಲಿಯುತ್ತಾರೆ. ಚುನಾವಣೆಯ ಹಿಂದಿನ ದಿನ ಟಿವಿಯಲ್ಲಿ ಕೂರುವ ಪಂಡಿತರು ಸಂಬಳ ತೆಗೆದುಕೊಂಡು ಮಾಡುವುದೂ ಇದನ್ನೇ.

ಇನ್ನು ಇಂಟರ್ನಲ್ ಪರೀಕ್ಷೆಯ ಕಥೆ. ಸಂಭವನೀಯತೆ ಅಂದ ಮೇಲೆ ಇಸ್ಪೀಟು ಬಾರದೆ ಇರುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಇದೊಂದು ಧರ್ಮಸಂಕಟ. ಇಸ್ಪೀಟಿನ ಕಟ್ಟು ಮುಟ್ಟಿದರೆ ಮನೆಯಲ್ಲಿ ಪೆಟ್ಟು, ಮುಟ್ಟದಿದ್ದರೆ ಪರೀಕ್ಷೆಯಲ್ಲಿ ಪೆಟ್ಟು. ಐವತ್ತೆರಡು ಎಲೆ, ನಾಲ್ಕು ಜಾತಿ, ಜಾತಿಗೆ ಹದಿಮೂರು, ಎರಡು ಜಾತಿ ಕೆಂಪು, ಎರಡು ಕಪ್ಪು ಎಂದು ಬಾಯಿಪಾಠ ಮಾಡಿದ ಸಂಭಾವಿತ ಹುಡುಗರು ಇದ್ದಾರೆ. ಫಿಫ್ಟಿಗೆ ಆ ತೊಂದರೆ ಇಲ್ಲ, ಮದುವೆ ಮನೆಗಳಲ್ಲಿ ರಾತ್ರಿ ಅಡುಗೆಯವರ ಜೊತೆ ಕೂತು ಕಲಿತದ್ದು ಗಟ್ಟಿ ಉಂಟು.

ಮೊದಲ ಪ್ರಶ್ನೆ, ಎರಡು ದಾಳ ಉರುಳಿಸಿದರೆ ಮೊತ್ತ ಏಳು ಬರುವ ಸಂಭವನೀಯತೆ. ಏಳು ಬರಬಹುದು, ಬಾರದಿರಬಹುದು. ಅರ್ಧ ಎಂದು ಬರೆದ. ಮುಂದಿನದು ರಾಜನ ಎಲೆ. ಅರ್ಧ. ಒಂದು ಚೀಲದಲ್ಲಿ ಮೂರು ಬಿಳಿ ಏಳು ಕಪ್ಪು ಚೆಂಡು. ಅರ್ಧ. ಹೀಗೆ ಸರಾಗ ಹೋಗುತ್ತಿದ್ದವನು ಕೊನೆಯ ಎರಡಂಕದ ಪ್ರಶ್ನೆಗೆ ಬಂದು ನಿಂತುಬಿಟ್ಟ. ಕಲಸಿದ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ಕೆಂಪಾಗಿರುವ ಸಂಭವನೀಯತೆ ಎಷ್ಟು?

ಅರ್ಧ ಎಂದು ಬರೆದ. ನೋಡಿದ. ಇಡೀ ಸೆಮಿಸ್ಟರ್ ತಾನು ಅರ್ಧ ಎಂದಾಗೆಲ್ಲ ಮೇಡಂ ತಲೆಯಾಡಿಸಿ ಅಲ್ಲ ಎಂದಿದ್ದರು. ಅಡ್ಡಗೆರೆ ಎಳೆದು ಪಕ್ಕದಲ್ಲಿ ನಾಲ್ಕನೇ ಒಂದು ಎಂದು ಬರೆದು ಕೊಟ್ಟು ಬಂದ.

ಪೇಪರ್ ಕೊಡುವ ದಿನ ಮೇಡಂ ಆ ಗೆರೆಯ ಮೇಲೆ ಬೆರಳಿಟ್ಟರು. "ಇಷ್ಟು ದಿನ ಹೇಳಿದ್ದನ್ನೇ ಇಲ್ಲಿ ಹೇಳುವುದಲ್ವಾ? ಇದಕ್ಕೆ ಉತ್ತರ ಅರ್ಧವೇ. ಯಾಕೆ ಹೊಡೆದು ಹಾಕಿದೆ?"

"ಎಂತ ಮೇಡಂ, ನೀವು ಅಷ್ಟು ಸುಲಭದಲ್ಲಿ ನನಗೆ ಅರ್ಧ ಕೊಡ್ತೀರಾ ಅಂತ ಸಂಶಯ ಬಂತು."

ಮೇಡಂ ಪೆನ್ನು ತೆಗೆದು, ಎರಡಂಕದ ಆ ಪ್ರಶ್ನೆಗೆ ಒಂದಂಕ ಹಾಕಿಕೊಟ್ಟರು.