ಕಂಪ್ಯೂಟರ್ ಸಾರ್ ಅವರ ವೃತ್ತಿಪರ ಅಭಿವೃದ್ಧಿ

ಸರ್ಕಾರಿ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಸಾರ್ ಅನ್ನುವ ಹುದ್ದೆ ಇಲ್ಲ. ಆದರೂ ಶಾಲೆಗೊಬ್ಬ ಕಂಪ್ಯೂಟರ್ ಸಾರ್ ಇದ್ದೇ ಇರುತ್ತಾರೆ. ನೇಮಕಾತಿ ಆದೇಶದ ಪ್ರಕಾರ ಅವರು ಗಣಿತದವರೋ ವಿಜ್ಞಾನದವರೋ ಆಗಿರುತ್ತಾರೆ. ಯಾವತ್ತೋ ಒಂದು ದಿನ ಎಚ್.ಎಂ. ಕೊಠಡಿಯ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಾಗ, ಹಿಂದಿನ ಮುಚ್ಚಳ ಬಿಚ್ಚಿ ಎಳೆದುಕೊಟ್ಟಿರುತ್ತಾರೆ. ಅಲ್ಲಿಗೆ ಮುಗಿಯಿತು. ನಿವೃತ್ತಿಯಾಗುವವರೆಗೆ ಆ ಶಾಲೆಯ ತಂತ್ರಜ್ಞಾನದ ನೊಗ ಅವರ ಹೆಗಲಿಗೆ.

ಅವರನ್ನು ದೂರದಿಂದಲೇ ಗುರುತಿಸಬಹುದು. ಬೇರೆ ಮೇಷ್ಟ್ರುಗಳ ಜೇಬಿನಲ್ಲಿ ಕೆಂಪು ಪೆನ್ನಿದ್ದರೆ ಇವರ ಜೇಬಿನಲ್ಲಿ ಪೆನ್‌ಡ್ರೈವು. ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ಪ್ರೊಜೆಕ್ಟರ್ ಕೇಬಲ್ಲು, ಎಕ್ಸ್‌ಟೆನ್ಷನ್ ಬಾಕ್ಸು. ಸ್ಟಾಫ್ ರೂಮಿನಲ್ಲಿ ಅವರನ್ನು ‘ತಿಂಡಿ ಆಯ್ತಾ’ ಅಂತ ಯಾರೂ ಕೇಳುವುದಿಲ್ಲ. ‘ಸಾರ್, ಇದ್ಯಾಕೋ ಫೋಟೋ ತಗೊಳ್ತಿಲ್ಲ, ಸ್ವಲ್ಪ ನೋಡಿ’ ಅಂತ ನೇರವಾಗಿ ಫೋನು ಚಾಚುತ್ತಾರೆ. ಸಮಾಜ ವಿಜ್ಞಾನದ ಮೇಡಮ್ಮು ಮಗಳ ಸಿಇಟಿ ಅರ್ಜಿ ತರುತ್ತಾರೆ. ಪಿ.ಟಿ. ಮೇಷ್ಟ್ರು ತಮ್ಮ ಭಾವನವರ ಪಹಣಿ ತೆಗೆಸುತ್ತಾರೆ. ನಾನು ಕನ್ನಡದವನು. ನನ್ನದು ಒಂದೇ ಕೋರಿಕೆ: ಮೇಲಿನಿಂದ ಬಂದ ಸುತ್ತೋಲೆಯನ್ನು ಓದುವ ಹಾಗೆ ಮಾಡಿಕೊಡಿ ಅನ್ನುವುದು. ಹಳೆಯ ನುಡಿ ಫಾಂಟಿನಲ್ಲಿ ಕುಟ್ಟಿದ ಕಡತ ನನ್ನ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಡಾಲರ್ ಗುರುತು ಎಲ್ಲ ಸೇರಿ ಜಾತ್ರೆ ನಡೆಸುತ್ತಿರುತ್ತವೆ. ಸಾರ್ ಅದನ್ನು ಯೂನಿಕೋಡಿಗೆ ತಿರುಗಿಸಿ ಕೊಡುತ್ತಾರೆ. ತಿರುಗಿಸಿದ ಮೇಲೆ ಗೊತ್ತಾಗುವುದು, ಮಾಹಿತಿ ನಿನ್ನೆ ಸಂಜೆ 4 ಗಂಟೆಯೊಳಗೆ ಕೊಡಬೇಕಿತ್ತು ಅಂತ.

ಶಾಲೆಯಲ್ಲಿ ಗುಮಾಸ್ತರ ಹುದ್ದೆ ಖಾಲಿಯಿದ್ದರಂತೂ ಕೇಳುವುದೇ ಬೇಡ. ಮಕ್ಕಳ, ಶಾಲೆಯ ವಿವರ ತುಂಬುವ ಸ್ಯಾಟ್ಸ್, ಯು-ಡೈಸ್, ಅಪಾರ್ ಐಡಿ, ಬಿಸಿಯೂಟದ ಲೆಕ್ಕ ಎಲ್ಲ ಇವರ ತಲೆಗೇ. ಹುಡುಗನ ಹೆಸರು ಆಧಾರಿನಲ್ಲಿ ಒಂದು ಥರ, ದಾಖಲಾತಿ ವಹಿಯಲ್ಲಿ ಇನ್ನೊಂದು ಥರ; ಅಪ್ಪನ ಇನಿಷಿಯಲ್ಲು ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಓಟಿಪಿ ಹೋಗುವುದು ಕಳೆದ ವರ್ಷ ನಿವೃತ್ತರಾದ ಎಚ್.ಎಂ. ಅವರ ಮೊಬೈಲಿಗೆ. ಅವರು ತೋಟದಲ್ಲಿ ಅಡಿಕೆಗೆ ನೀರು ಬಿಡುತ್ತಿರುತ್ತಾರೆ. ಸರ್ವರು ಹಗಲು ಹೊತ್ತಿನಲ್ಲಿ ಏಳುವುದಿಲ್ಲವಾದ್ದರಿಂದ ಸಾರ್ ರಾತ್ರಿ ಹನ್ನೊಂದರ ಮೇಲೆ ಎಂಟ್ರಿಗೆ ಕೂರುತ್ತಾರೆ. ಮಾರನೆಯ ದಿನ ಮೊದಲನೇ ಪೀರಿಯಡ್ಡಿನಲ್ಲಿ ಪೈಥಾಗೊರಸನ ಪ್ರಮೇಯಕ್ಕೆ ಬದಲಾಗಿ ಆಕಳಿಕೆ ಸಾಧಿಸುತ್ತಾರೆ.

ಇಷ್ಟೆಲ್ಲ ಮಾಡುವವರ ಬಳಿ ಒಂದು ಲ್ಯಾಬೂ ಇದೆ. ಅದರದ್ದೇ ಒಂದು ಚರಿತ್ರೆ. 2001ರ ಹೊತ್ತಿಗೆ ಮಾಹಿತಿ ಸಿಂಧು ಯೋಜನೆ ಬಂತು. ಆಮೇಲೆ ಬಂದ ಐಸಿಟಿ ಯೋಜನೆಯದು ಬೂಟ್ ಪದ್ಧತಿ: ಕಂಪನಿಯವರೇ ಕಂಪ್ಯೂಟರ್ ತಂದಿಟ್ಟು, ತಮ್ಮದೇ ಬೋಧಕನನ್ನು ಕೂರಿಸಿ 5 ವರ್ಷ ನಡೆಸಿ, ಆಮೇಲೆ ಇಲಾಖೆಗೆ ಬಿಟ್ಟುಕೊಡುವುದು. ಐದು ವರ್ಷ ಆಯಿತು. ಬೋಧಕ ಹೋದ, ಯುಪಿಎಸ್ ಬ್ಯಾಟರಿ ಹೋಯಿತು. ಉಳಿದದ್ದು ಕಂಪ್ಯೂಟರುಗಳು ಮತ್ತು ಸಾರ್. ಅವರು ದರ್ಜಿಯ ಹತ್ತಿರ ಹೂವಿನ ಬಟ್ಟೆಯಲ್ಲಿ ಕವರು ಹೊಲಿಸಿ ಒಂದೊಂದಕ್ಕೂ ತೊಡಿಸಿದರು. ಬಾಗಿಲಿಗೆ ‘ಪಾದರಕ್ಷೆ ಹೊರಗೆ ಬಿಡಿ’ ಬೋರ್ಡು. ಆಯುಧಪೂಜೆಗೆ ಅರಿಶಿನ ಕುಂಕುಮ. ಬೀಗದ ಕೈ ಮಾತ್ರ ಸೊಂಟದಿಂದ ಬಿಡಿಸುವುದಿಲ್ಲ. ಇದು ಜಿಪುಣತನವಲ್ಲ ಅಂತ ನಾನು ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ. ಮಕ್ಕಳು ಮುಟ್ಟಿದರೆ ಮೌಸು ಕೆಡುತ್ತದೆ, ಕೆಟ್ಟದ್ದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯಬೇಕು, ಬರೆದರೆ ಆಡಿಟ್ಟಿನವರು ಕೇಳುತ್ತಾರೆ. ಮುಟ್ಟದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರುಗಳು ಕನ್ಯಾವ್ರತ ಪಾಲಿಸಿಕೊಂಡೇ ಗುಜರಿ ಸೇರುತ್ತವೆ.

ಇನ್ನು ಸಾರ್ ಅವರ ಬೆಳವಣಿಗೆ. ಮೊದಲೆಲ್ಲ ಬೆಳೆಯಬೇಕಾದರೆ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ಗೆ ಹೋಗಬೇಕಿತ್ತು. ಅನ್ಯಕಾರ್ಯ ನಿಮಿತ್ತ (ಓಓಡಿ) ಹಾಕಿ, ಬಸ್ಸು ಹತ್ತಿ, ಮಧ್ಯಾಹ್ನದ ಊಟಕ್ಕೆ ಜಿಲೇಬಿ ಇದ್ದರೆ ‘ತರಬೇತಿ ಪರಿಣಾಮಕಾರಿಯಾಗಿತ್ತು’ ಅಂತ ಹಿಮ್ಮಾಹಿತಿ ನಮೂನೆ ತುಂಬಿ ಬರಬೇಕಿತ್ತು. ತಂತ್ರಜ್ಞಾನ ಕಲಿಸುವ ಟಾಲ್ಪ್ ತರಬೇತಿಯಲ್ಲಿ ಸಾರ್ ಇಂಡಕ್ಷನ್ ಒಂದು, ಇಂಡಕ್ಷನ್ ಎರಡು ಮುಗಿಸಿದರು. ಉಬುಂಟು ಕಲಿತರು, ಗಣಿತದ ತಂತ್ರಾಂಶ ಜಿಯೋಜಿಬ್ರಾ ಕಲಿತರು. ಕಲಿತದ್ದನ್ನು ತಾಲ್ಲೂಕಿಗೆ ಕಲಿಸಲು ಸಂಪನ್ಮೂಲ ವ್ಯಕ್ತಿಯೂ ಆದರು. ಮೇಲೆ ಐದು ದಿನ ನಡೆದ ತರಬೇತಿ ಜಿಲ್ಲೆಗೆ ಬರುವಾಗ ಮೂರು ದಿನ, ತಾಲ್ಲೂಕಿಗೆ ಒಂದು ದಿನ, ಶಾಲೆಗೆ ಬರುವಾಗ ಗ್ರೂಪಿನಲ್ಲಿ ಒಂದು ಪಿಡಿಎಫ್.

ಆಮೇಲೆ ಕಾಲ ಬದಲಾಯಿತು. 2017ರ ಶಿಕ್ಷಕರ ದಿನದಂದು ಆನ್‌ಲೈನ್ ಕಲಿಕೆಯ ದೀಕ್ಷಾ ವೇದಿಕೆ ಬಂತು. 2019ರಲ್ಲಿ ದೇಶದ ಸುಮಾರು 42 ಲಕ್ಷ ಶಿಕ್ಷಕರನ್ನು ತರಬೇತುಗೊಳಿಸುವ ಗುರಿ ಇಟ್ಟುಕೊಂಡು ನಿಷ್ಠಾ ಶುರುವಾಯಿತು. ಕೋವಿಡ್ ಬಂದದ್ದೇ ಅದೂ ಫೋನಿನೊಳಗೆ ಹೊಕ್ಕಿತು. 2020ರ ಶಿಕ್ಷಣ ನೀತಿ, ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿ ಹೊಂದಬೇಕು ಅಂದಿತು. ಸಾರ್ ಅಭಿವೃದ್ಧಿ ಹೊಂದತೊಡಗಿದರು. ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಕ್ಷೌರದಂಗಡಿಯ ಕುರ್ಚಿಯಲ್ಲಿ ಅವರ ಫೋನಿನೊಳಗೆ ಯಾರೋ ಪ್ರೊಫೆಸರು ದನಿಯಿಲ್ಲದೆ ಬಾಯಾಡಿಸುತ್ತಿರುತ್ತಿದ್ದರು. ಕೋರ್ಸು ಶೇ. 97ಕ್ಕೆ ಬಂದು ನಿಂತರೆ ಸಾರ್ ಅವರ ಬಿ.ಪಿ. ಅಲ್ಲಿಂದ ಮುಂದಕ್ಕೆ ಏರುತ್ತಿತ್ತು.

ಕೊನೆಯ ಕ್ವಿಜ್ಜಿನಲ್ಲಿ ಶೇ. 70 ಬಂದರೆ ಸರ್ಟಿಫಿಕೇಟು. ಅದಕ್ಕೆ ಮೂರು ಅವಕಾಶ. ಈ ವಿಭಾಗ ಅವರ ಮನೆಯವರದು. ಅವರು ಸೊಪ್ಪು ಬಿಡಿಸುತ್ತ, ಧಾರಾವಾಹಿ ನೋಡುತ್ತ ಉತ್ತರ ಹೇಳುತ್ತಿದ್ದರು.

‘ಮಗುವಿನ ಸರ್ವಾಂಗೀಣ ಬೆಳವಣಿಗೆಗೆ ಅಗತ್ಯವಾದದ್ದು ಯಾವುದು?’

‘ಕೊನೇದು ಏನಿದೆ?’

‘ಮೇಲಿನ ಎಲ್ಲವೂ.’

‘ಅದೇ ಒತ್ತಿ. ಮುಂದಿನದು ಓದಿ, ಜಾಹೀರಾತು ಮುಗೀತಾ ಬಂತು.’

ಹೀಗೆ ಆ ತಾಯಿ ಒಂದೇ ಮಳೆಗಾಲದಲ್ಲಿ ಸಮನ್ವಯ ಶಿಕ್ಷಣ, ಕಲಾ ಸಂಯೋಜಿತ ಕಲಿಕೆ, ಶಾಲಾ ನಾಯಕತ್ವ ಎಲ್ಲದರಲ್ಲೂ ಉತ್ತೀರ್ಣರಾದರು. ಸರ್ಟಿಫಿಕೇಟಿನಲ್ಲಿ ಹೆಸರು ಸಾರ್ ಅವರದು. ಬಣ್ಣದ ಪ್ರಿಂಟು ತೆಗೆಸಿ ಫೈಲು ಮಾಡಿದ್ದಾರೆ. ದಪ್ಪ ಫೈಲು.

ಈ ಪರಿ ಬೆಳೆದವರು ನಿಜವಾಗಿ ಅರ್ಧ ಇಂಚು ಬೆಳೆದದ್ದನ್ನು ನಾನು ಕಣ್ಣಾರೆ ಕಂಡೆ. ಅದೂ ಒಂದು ಫೋಟೋದ ದೆಸೆಯಿಂದ. ಮಕ್ಕಳು ಕಂಪ್ಯೂಟರ್ ಬಳಸುತ್ತಿರುವ ಜಿಯೋಟ್ಯಾಗ್ ಫೋಟೋ ಸಂಜೆಯೊಳಗೆ ಹಾಕಿ ಅಂತ ಆದೇಶ ಬಂತು. ಸಾರ್ ನಿಟ್ಟುಸಿರು ಬಿಟ್ಟು ಬೀಗ ತೆಗೆದರು, ಹೂವಿನ ಕವರು ಕಳಚಿದರು, ಒಂಬತ್ತನೇ ಕ್ಲಾಸಿನವರನ್ನು ಒಳಗೆ ಬಿಟ್ಟರು. ಜಿಯೋಜಿಬ್ರಾ ತೆರೆದು, ತರಬೇತಿಯಲ್ಲಿ ಬರೆದುಕೊಂಡಿದ್ದ ಹಂತಗಳಂತೆಯೇ ಒಂದು ತ್ರಿಭುಜ ಎಳೆದು, ಮೂರು ಕೋನ ಗುರುತಿಸಿ, ಪಕ್ಕದಲ್ಲಿ ಮೊತ್ತ 180 ಅಂತ ಬರುವ ಹಾಗೆ ಮಾಡಿದರು. ‘ಯಾರಾದ್ರೂ ಒಬ್ರು ಮೌಸ್ ಹಿಡ್ಕೊಳ್ಳಿ. ಹಿಡ್ಕೊಂಡಂಗೆ ಇರಿ ಸಾಕು’ ಅಂದರು.

ಮುಂದಿನ ಸಾಲಿನ ಹುಡುಗಿ ಹಿಡಿದಳು. ಹಿಡಿದವಳು ಸುಮ್ಮನಿದ್ದಾಳೆಯೇ? ತ್ರಿಭುಜದ ಒಂದು ಮೂಲೆಯನ್ನು ಎಳೆದಳು. ತ್ರಿಭುಜ ಉದ್ದವಾಯಿತು, ಚಪ್ಪಟೆಯಾಯಿತು; ಮೊತ್ತ ಅಷ್ಟೇ. ಇನ್ನೂ ಎಳೆದು, ಆ ಮೂಲೆಯನ್ನು ಎದುರಿನ ಭುಜದ ಆಚೆ ದಾಟಿಸಿದಳು. ಪರದೆಯ ಮೇಲೆ ಮೊತ್ತ 900 ಅಂತ ಬಂತು.

‘ಸಾರ್, ಒಂಬೈನೂರು!’

ಸಾರ್ ಮೊದಲು ಅಂದದ್ದು ‘ವೈರಸ್ಸು’. ಆಮೇಲೆ ಕನ್ನಡಕ ಏರಿಸಿ, ಬರೆದುಕೊಂಡಿದ್ದ ನೋಟ್‌ಬುಕ್ ತೆಗೆದು ನೋಡಿದರು. ಅದರಲ್ಲಿ 900 ಇರಲಿಲ್ಲ. ಕ್ವಿಜ್ಜಾಗಿದ್ದರೆ ‘ಮೇಲಿನ ಎಲ್ಲವೂ’ ಒತ್ತಬಹುದಿತ್ತು. ಹುಡುಗಿ ಮಾತ್ರ ಪರದೆಯ ಹತ್ತಿರ ಹೋಗಿ ಕೋನದ ಕಮಾನುಗಳನ್ನು ಬೆರಳಲ್ಲಿ ಸವರುತ್ತ, ‘ಸಾರ್, ಇದು ಒಳಗಡೆ ಅಳೀತಿಲ್ಲ, ಹೊರಗಡೆ ಸುತ್ಕೊಂಡು ಬಂದು ಅಳೀತಿದೆ’ ಅಂದಳು. ನಿಜ. 70 ಇರಬೇಕಾದ ಕಡೆ 290, 50ರ ಕಡೆ 310, 60ರ ಕಡೆ 300. ಜಿಯೋಜಿಬ್ರಾ ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲೇ ಅಳೆಯುತ್ತದೆ; ತ್ರಿಭುಜ ಮಗುಚಿಕೊಂಡರೂ ತನ್ನ ಹಟ ಬಿಡುವುದಿಲ್ಲ. ಸಾರ್ ಸೀಮೆಸುಣ್ಣ ಹುಡುಕಿದರು. ಮೂರು 360 ಅಂದರೆ 1080, ಅದರಲ್ಲಿ 180 ಕಳೆದರೆ 900. ಬರೆದು ಮುಗಿಸಿದ ಮೇಲೆ ಬೋರ್ಡನ್ನೇ ನೋಡುತ್ತ ನಿಂತರು. ‘ಚೌಕ ಮಗುಚಿದ್ರೆ ಎಷ್ಟು ಬರುತ್ತೆ ಸಾರ್?’ ಅಂತ ಹಿಂದಿನಿಂದ ಒಬ್ಬ ಕೇಳಿದ. ‘ಗೊತ್ತಿಲ್ಲ ಕಣೋ, ಎಳಿ ನೋಡಣ’ ಅಂದರು ಸಾರ್. ಆ ಲ್ಯಾಬಿನಲ್ಲಿ ‘ಎಳಿ’ ಅನ್ನುವ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಬೆಲ್ಲು ಹೊಡೆದದ್ದು ಯಾರಿಗೂ ಕೇಳಲಿಲ್ಲ. ನನ್ನ ಹಳಗನ್ನಡದ ಪೀರಿಯಡ್ಡೂ ಅದರಲ್ಲೇ ಹೋಯಿತು. ಹೋಗಲಿ.

ಸಂಜೆ ನಮ್ಮ ಕ್ಲಸ್ಟರಿನ ಸಿಆರ್‌ಪಿ ಫೋನು ಮಾಡಿದಾಗಲೇ ಸಾರ್‌ಗೆ ಫೋಟೋ ನೆನಪಾದದ್ದು. ಗಡಿಬಿಡಿಯಲ್ಲಿ ತೆಗೆದಿದ್ದ ಒಂದೇ ಒಂದನ್ನು ಹಾಕಿದರು. ಮಾರನೆಯ ದಿನವೇ ಗ್ರೂಪಿನಲ್ಲಿ ಸಂದೇಶ: ‘ಸದರಿ ಚಿತ್ರದಲ್ಲಿ ತ್ರಿಭುಜದ ಕೋನಗಳ ಮೊತ್ತ 900 ಎಂದು ತಪ್ಪಾಗಿ ಬೋಧಿಸಿರುವುದು ಕಂಡುಬಂದಿದ್ದು, ಈ ಬಗ್ಗೆ ವಿವರಣೆ ಸಲ್ಲಿಸುವುದು.’ ಸಾರ್ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿ ಕೂರಿಸಿ, ಚಿತ್ರ ಸಮೇತ ಎರಡು ಪುಟ ವಿವರಣೆ ಬರೆಸಿ ಕಳಿಸಿದರು. ಅದಕ್ಕೆ ಬಂದ ಉತ್ತರ: ‘ವಿವರಣೆ ಸಮರ್ಪಕವಾಗಿದೆ. ಇದೇ ವಿಷಯದ ಮೇಲೆ ತಾಲ್ಲೂಕಿನ ಗಣಿತ ಶಿಕ್ಷಕರಿಗೆ ಒಂದು ದಿನದ ತರಬೇತಿ ನೀಡಿ ಫೋಟೋ ಅಪ್‌ಲೋಡ್ ಮಾಡುವುದು.’

ಸಾರ್ ಅದನ್ನು ಹುಡುಗಿಗೆ ಓದಿ ಹೇಳಿ, ‘ನೀನೂ ಬರ್ಬೇಕಮ್ಮ, ಆ ಎಳೆಯೋದು ನಿಂಗೇ ಚೆನ್ನಾಗಿ ಬರೋದು’ ಅಂದರು.

ಅವಳು ಮೇಜಿನ ಮೇಲಿದ್ದ ದಪ್ಪ ಫೈಲನ್ನು ನೋಡುತ್ತ ಕೇಳಿದಳು: ‘ಸರ್ಟಿಫಿಕೇಟ್ ಕೊಡ್ತಾರಾ ಸಾರ್?’